ಬಚ್ಚಲ ಪಾಯದ ಖೋಟಾ ರಾಜ

ಬೇವೂರಿನ ಕೊಟ್ರಪ್ಪನ ಹೆಂಡತಿ ಶಂಕ್ರಮ್ಮ ಕಾರಟಗಿಯ ತವರುಮನೆಗೆ ಹೋಗಿ ಕೂತಿದ್ದಳು. "ಹರಕ ಸೀರಿ ಅಡ್ಡ ಕಟ್ಟಿ ಜಳಕಾ ಮಾಡೂದು ಸಾಕಾಗೈತ್ರಿ ನನಗ. ಬಚ್ಚಲಮನಿ ಕಟ್ಟಸ್ರಿ, ಆಮ್ಯಾಲ ಬರ್ತೀನಿ" ಎಂದು ಹೇಳಿಯೇ ಹೋಗಿದ್ದಳು. ಅವಳಿಲ್ಲದ ಮನೆ ಕೊಟ್ರಪ್ಪನಿಗೆ ಉಪ್ಪಿಲ್ಲದ ಸಾರಿನಂತಾಗಿತ್ತು. ಆ ಮುಂಜಾನೆ ಹಿತ್ತಲಲ್ಲಿ ತಾನೇ ಪಾಯ ಅಗೆಯಲು ನಿಂತ. ಮೊಣಕಾಲುದ್ದ ಅಗೆಯುವಷ್ಟರಲ್ಲಿ ಸಲಿಕೆಗೆ ಒಂದು ಬೆಳ್ಳಿ ನಾಣ್ಯ ಸಿಕ್ಕಿತು.

ಪಕ್ಕದ ಮನೆಯ ಹುಲಿಗವ್ವ ಗೋಡೆಯ ಮೇಲಿಂದಲೇ ಕತ್ತು ಚಾಚಿದಳು. "ಬ್ರಿಟಿಷರ ರಾಣಿ ಛಾಪ ಐತಿ ತಗೋ!"

"ರಾಣಿಗೆ ಇಷ್ಟುದ್ದ ಮೂಗು ಎಲ್ಲಿಂದ ಬಂತಬೇ ಯವ್ವಾ?" ಎಂದ ಎದುರುಮನೆಯ ಮಾಜೀದ, ಫೋಟೋ ತೆಗೆದು ಮೊಬೈಲಿನಲ್ಲಿ ಹುಡುಕಿದ. "ಕೊಟ್ರಪ್ಪಣ್ಣಾ, ಇಂವ ರೋಮ್ ದೇಶದ ರಾಜ ಅದಾನ! ಎರಡು ಸಾವಿರ ವರ್ಷದ್ದಂತ. ಖರೇ ಇದ್ರ ನಿನ್ನ ಹಿತ್ತಲಾ ಸರ್ಕಾರದ್ದಾತು ನೋಡು. ಕೊಪ್ಪಳದ ಪುರಾತತ್ವ ಇಲಾಖೆ ಸಾಹೇಬ್ರಿಗೆ ಫೋಟೋ ಕಳಿಸೇಬಿಟ್ಟೆ."

ಕೊಟ್ರಪ್ಪ ಸಲಿಕೆ ಅಲ್ಲೇ ಬಿಟ್ಟ. ನಾಣ್ಯ ಹೋದರೆ ಹೋಗಲಿ, ಬಚ್ಚಲು ಹೋದರೆ ಶಂಕ್ರಮ್ಮ ಬರುವುದಿಲ್ಲವಲ್ಲ! ಬೆಳ್ಳಿ ಬಂಗಾರದ ಕೆಲಸದ ಪತ್ತಾರ ವೆಂಕೋಬನ ಅಂಗಡಿಗೆ ಓಡಿದ. ವೆಂಕೋಬ ನಾಣ್ಯದ ಅಂಚು ತಿಕ್ಕಿ ನೋಡಿ ನಕ್ಕ. "ಮ್ಯಾಲ ಬೆಳ್ಳಿ ತಗಡು, ಒಳಗ ತಾಮ್ರ. ಖೋಟಾ ಐತೋ ಮಾರಾಯಾ."

ಖೋಟಾ ನಾಣ್ಯ ಸಿಕ್ಕಿತೆಂದು ಓಣಿಗೆಲ್ಲ ಬೆಲ್ಲ ಹಂಚಿದವನು ಈ ಭೂಮಿಯ ಮೇಲೆ ಅವನೊಬ್ಬನೇ ಇರಬೇಕು.

ಮಧ್ಯಾಹ್ನ ಕೊಪ್ಪಳದಿಂದ ಜೀಪು ಬಂತು. ಪುರಾತತ್ವದ ಸಾಹೇಬರ ಕೈಗೆ ನಾಣ್ಯ ಕೊಡುತ್ತ ಕೊಟ್ರಪ್ಪ ಹಲ್ಲು ಕಿರಿದ. "ಸುಮ್ನ ತ್ರಾಸ ತಗೊಂಡ್ರಿ ಸಾಹೇಬ್ರ. ಇದು ಖೋಟಾ ಐತ್ರಿ, ಒಳಗ ತಾಮ್ರ ನೋಡ್ರಿ."

ಭೂತಗನ್ನಡಿ ಹಿಡಿದು ನೋಡಿದ ಸಾಹೇಬರು ಕುಣಿಯುವುದೊಂದು ಬಾಕಿ. "ಖೋಟಾನ ಹೌದ್ರಿ! ಆದ್ರ ಆ ಕಾಲದಾಗ ಮಾಡಿದ ಖೋಟಾ. ಖರೇ ನಾಣ್ಯ ವ್ಯಾಪಾರಸ್ಥರು ಎಲ್ಲಿಂದರ ತಂದಾರು. ಖೋಟಾ ಇಲ್ಲೇ ಮಾಡಿರಬಹುದು! ಅಚ್ಚು, ಕುಲುಮಿ ಸಿಕ್ರೂ ಸಿಕ್ಕಾವು. ಇನ್ನ ಇಲ್ಲಿ ಯಾರೂ ಸಲಿಕಿ ಹಚ್ಚಬ್ಯಾಡ್ರಿ."

ಸಂಜೆಯೊಳಗೆ ಪಾಯದ ಸುತ್ತ ಹಗ್ಗ ಬಿತ್ತು. ಅಗೆಯಲು ಬರುವವರಿಗೆಂದು ಹಿತ್ತಲ ಮೂಲೆಯಲ್ಲಿ ತಗಡಿನ ಬಚ್ಚಲುಮನೆಯೂ ಎದ್ದಿತು. ಅದನ್ನು ಕಂಡ ಕೊಟ್ರಪ್ಪ ತಡೆಯಲಾರದೆ ಹೆಂಡತಿಗೆ ಫೋನು ಹಚ್ಚಿದ.

"ಬಚ್ಚಲಾ ಆತು ನೋಡು. ಬಾಗಲಾ ಐತಿ, ಚಿಲಕಾನೂ ಐತಿ."

"ಖರೇನ್ರಿ? ಹಂಗಾರ ನಾಳೆ ಮುಂಜಾನಿ ಬಸ್ಸಿಗೇ ಬಂದೆ!"

ಎಷ್ಟೋ ದಿನಗಳ ಮೇಲೆ ಹೆಂಡತಿಯ ನಗು ಕೇಳಿ ಅವನ ಜೀವ ಹಗುರಾಯಿತು. ತಿರುಗಿ ನೋಡಿದರೆ ಸಾಹೇಬರು ನಿಲ್ಲಿಸಿದ್ದ ಕಾವಲುಗಾರ ಅದೇ ಬಾಗಿಲಿಗೆ ಫಲಕ ಹೊಡೆಯುತ್ತಿದ್ದ: 'ಸಿಬ್ಬಂದಿಗೆ ಮಾತ್ರ.'

ಕೊಟ್ರಪ್ಪ ತಲೆ ಕೆರೆದುಕೊಂಡ. ಆಮೇಲೆ ಹೊರಟಿದ್ದ ಜೀಪಿನ ಹಿಂದೆ ಓಡಿದ.

"ಸಾಹೇಬ್ರ, ಸಾಹೇಬ್ರ! ಅಗ್ಯಾಕ ಆಳು ಬೇಕೇನ್ರಿ? ನಾನೂ ನನ್ನ ಹೆಂಡ್ತಿ ಇಬ್ರೂ ಬರ್ತೀವ್ರಿ!"