ಎಡಗಾಲಿಗೊಂದು ಕೆಲಸ

ಚಿಕ್ಕಬೈರಪ್ಪನವರಿಗೆ ಇದ್ದ ಕಷ್ಟ ಒಂದೇ: ಅವರಿಗೆ ಯಾವ ಕಷ್ಟವೂ ಇರಲಿಲ್ಲ. ಯಡಿಯೂರಿನಲ್ಲಿ ಅವರು ಬದನೆಕಾಯಿ ಬೆಳೆಯುತ್ತಿದ್ದ ಹೊಲದ ಮೇಲೆ ಜಯನಗರ ಬಂದು ಕೂತಿತು. ಬದನೆಕಾಯಿ ಹೋಯಿತು, ಬಾಡಿಗೆ ಬಂತು. ಬೆಳಿಗ್ಗೆ ತಿಂಡಿ ತಿಂದು ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂತರೆ ಮಧ್ಯಾಹ್ನದ ಊಟದವರೆಗೂ ಎಲೆ ಅಡಿಕೆ ಹಾಕಿಕೊಂಡು ರಸ್ತೆ ನೋಡುವುದೇ ಉದ್ಯೋಗ. (ರಸ್ತೆಯಲ್ಲಿ ನೋಡುವಂಥದ್ದು ಏನೂ ಇರುತ್ತಿರಲಿಲ್ಲ. ಅರವತ್ತರ ಆಸುಪಾಸಿನ ಜಯನಗರದಲ್ಲಿ ಎರಡು ಎಮ್ಮೆ ಎದುರುಬದುರಾದರೆ ಅದೇ ದೊಡ್ಡ ಟ್ರಾಫಿಕ್ಕು.)

ಇಷ್ಟು ಸುಖವಾಗಿದ್ದ ಮನುಷ್ಯನ ತಲೆಗೆ ಹುಳ ಬಿಟ್ಟದ್ದು ಒಂದು ಕಾರು. ಮಹಡಿಯ ಮೇಲೆ ಬಾಡಿಗೆಗಿದ್ದ ಅಮೆರಿಕದ ಎಂಜಿನಿಯರ್ ತನ್ನ ದೇಶಕ್ಕೆ ಹೊರಡುವಾಗ ಅದನ್ನು ಇವರಿಗೇ ಮಾರಿ ಹೋಗಿದ್ದ. ತಿಳಿಹಸಿರು ಬಣ್ಣ, ಮದುವೆ ಚಪ್ಪರದಷ್ಟು ಉದ್ದ. ಅದಕ್ಕೆ ಕ್ಲಚ್ಚೂ ಇಲ್ಲ, ಗೇರು ಬದಲಾಯಿಸುವ ತಾಪತ್ರಯವೂ ಇಲ್ಲ. ಒಂದು ಪೆಡಲು ಒತ್ತಿದರೆ ಹೋಗುತ್ತದೆ, ಇನ್ನೊಂದು ಒತ್ತಿದರೆ ನಿಲ್ಲುತ್ತದೆ. ಗೇರುಗಳನ್ನೆಲ್ಲ ಕಾರು ತಾನೇ ಹಾಕಿಕೊಳ್ಳುತ್ತದೆ. ಅದಕ್ಕೆ ಆಟೋಮ್ಯಾಟಿಕ್ ಎನ್ನುತ್ತಾರೆ.

ಎಂಜಿನಿಯರ್‌ನ ಹೆಂಡತಿ ಹೋಗುವ ಮುಂಚೆ ಚಿಕ್ಕಬೈರಪ್ಪನವರ ಧರ್ಮಪತ್ನಿ ಸೊಣ್ಣಮ್ಮನವರಿಗೂ ಆ ವಿದ್ಯೆಯನ್ನು ಧಾರೆ ಎರೆದಿದ್ದಳು. (ಲೈಸೆನ್ಸಿನ ಮಾತು ಇಲ್ಲಿ ಎತ್ತುವುದು ಬೇಡ.) ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೀಟಿನ ಮೇಲೊಂದು ದಿಂಬು ಹಾಕಿಕೊಂಡು ಸೊಣ್ಣಮ್ಮ ಕಾರು ತೆಗೆದರೆಂದರೆ ಮುಗಿಯಿತು. ರಾಗಿ ಬೀಸಿಸಲು ಕಾರು, ಗಾಂಧಿ ಬಜಾರಿನ ಹೂವಿಗೆ ಕಾರು, ಬನಶಂಕರಮ್ಮನ ಗುಡಿಗೆ ಕಾರು, ಹೊಸಕೆರೆಹಳ್ಳಿಯ ತವರಿಗಂತೂ ವಾರಕ್ಕೊಮ್ಮೆ ಕಾರು. ಯಜಮಾನರು ಕುರ್ಚಿಯಲ್ಲಿದ್ದಂತೆಯೇ ಮನೆಯ ಕೆಲಸವೆಲ್ಲ ಆಗಿಬಿಡುತ್ತಿತ್ತು. ಬೀದಿಯವರು ಅದನ್ನು ‘ಸೊಣ್ಣಮ್ಮನ ಕಾರು’ ಎನ್ನತೊಡಗಿದರು. ಚಿಕ್ಕಬೈರಪ್ಪನವರಿಗೆ ಇದು ಸ್ವಲ್ಪ ಚುಚ್ಚುತ್ತಿತ್ತು. ಆದರೂ ಎಲೆ ಅಡಿಕೆಯ ಜೊತೆಗೆ ನುಂಗಿಕೊಂಡಿದ್ದರು.

ನುಂಗಲು ಬಿಡದವನು ಭಾವಮೈದುನ ಬೋರಣ್ಣ. ಮರಳು ಹೊಡೆಯುವ ಲಾರಿ ಇಟ್ಟುಕೊಂಡಿದ್ದವನು, ಸ್ವತಃ ಓಡಿಸುವವನು. ಒಂದು ದಿನ ಹೊಸಕೆರೆಹಳ್ಳಿಯಲ್ಲಿ ಊಟ ಮುಗಿಸಿ, ನಾಲ್ಕು ಜನರ ಮುಂದೆ ಚಿಕ್ಕಬೈರಪ್ಪನವರು ಗತ್ತಿನಿಂದ ತಾವೇ ಸ್ಟೇರಿಂಗಿನ ಮುಂದೆ ಕೂತಾಗ ಅವನು ಕಿಟಕಿಗೆ ಮುಖ ಒಡ್ಡಿದ.

“ಎಲ್ಲಾ ಸರಿ ಭಾವ, ನಿಮ್ ಎಡಗಾಲಿಗೆ ಏನ್ ಕೆಲ್ಸ?”

ಚಿಕ್ಕಬೈರಪ್ಪನವರು ಬಗ್ಗಿ ನೋಡಿದರು. ಎಡಗಾಲು ನೆಂಟರ ಮನೆಗೆ ಬಂದ ಹಾಗೆ ಸುಮ್ಮನೆ ಕೂತಿತ್ತು.

“ಕ್ಲಚ್ ಒತ್ತಂಗಿಲ್ಲ, ಗೇರ್ ಹಾಕಂಗಿಲ್ಲ. ಇದೂ ಒಂದ್ ಡ್ರೈವಿಂಗಾ? ಅದಕ್ಕೇ ನಮ್ಮಕ್ಕ ಓಡಿಸ್ತಾಳೆ, ನೀವ್ ಪಕ್ಕದಲ್ ಕೂತ್ಕೋತೀರ!” ನಾಲ್ಕೂ ಜನ ನಕ್ಕರು. ಸೊಣ್ಣಮ್ಮನವರೂ ನಕ್ಕರು ಎಂಬ ಅನುಮಾನ ಚಿಕ್ಕಬೈರಪ್ಪನವರಿಗೆ ಇವತ್ತಿಗೂ ಇದೆ.

ಒಂದು ಕಾಲದಲ್ಲಿ ಕಂಡಕಂಡ ಕಡೆಗೆ ಎಳೆಯುವ ಹೋರಿಯನ್ನು ಪಳಗಿಸಿ ನೇಗಿಲು ಕಟ್ಟಿದ ಗಂಡಸು. ತಾನು ಹೇಳಿದ ಮೇಲೆ ಗಾಡಿ ಕೇಳಬೇಕೇ ಹೊರತು, ಗಾಡಿಯೇ ತನಗೆ ಬೇಕಾದ್ದು ಮಾಡಿಕೊಂಡು ಹೋಗುವುದೆಂದರೇನು? ಹೋದ ಮಾನ ವಾಪಸು ಬರಬೇಕಾದರೆ ಕಾರಿಗೆ ಗೇರು ಬರಬೇಕು. ಗೇರು ಬಂದರೆ ಸೊಣ್ಣಮ್ಮ ಸ್ಟೇರಿಂಗು ಬಿಡುತ್ತಾಳೆ, ಇದು ಒಳಗಿನ ಲೆಕ್ಕ.

ಲಾಲ್‌ಬಾಗ್ ರಸ್ತೆಯ ಮೆಕ್ಯಾನಿಕ್ ಸಿದ್ದಲಿಂಗಯ್ಯ ಈ ಮಹತ್ಕಾರ್ಯವನ್ನು ಕೇಳಿ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ.

“ಅಣ್ಣ, ಜನ ಗೇರ್ ಹಾಕೋ ಕಷ್ಟ ಬೇಡ ಅಂತ ಇಂಥಾ ಕಾರ್ ಹುಡುಕ್ತಾರೆ. ನೀವು ಇರೋ ಸುಖ ಕಿತ್ತಾಕಿ ಕಷ್ಟ ಕೂರಿಸು ಅಂತೀರಲ್ಲ!”

“ಆಗುತ್ತೋ ಇಲ್ವೋ ಅಷ್ಟು ಹೇಳು.”

“ಆಗುತ್ತೆ. ಮಿಲಿಟ್ರಿ ಜೀಪಿನ ಗೇರ್‌ಬಾಕ್ಸ್ ಒಂದಿದೆ. ತಳ ಕೊಯ್ದು ಕೂರಿಸ್ತೀನಿ. ಸೋಮವಾರ ಗಾಡಿ ನಿಮ್ದು.”

ಯಾವ ಸೋಮವಾರ ಎಂದು ಅವನು ಹೇಳಲಿಲ್ಲ, ಇವರು ಕೇಳಲಿಲ್ಲ.

ಮನೆಯಲ್ಲಿ ಮಹಾಭಾರತವೇ ಆಗುತ್ತದೆಂದು ಚಿಕ್ಕಬೈರಪ್ಪನವರು ತಯಾರಾಗಿ ಹೋಗಿದ್ದರು.

“ನೋಡಮ್ಮೀ, ಆ ಕಾರಿನ ಸಾಮಾನು ಇಲ್ಲಿ ಸಿಗಲ್ವಂತೆ. ಕೆಟ್ರೆ ಅಮೆರಿಕಾಕ್ಕೇ ತಳ್ಕೊಂಡು ಹೋಗ್ಬೇಕು. ಅದಕ್ಕೆ ಗೇರ್ ಹಾಕಿಸ್ತಾ ಇದೀನಿ.”

“ಹಾಕ್ಸಿ.”

“ಆಮೇಲೆ ನಿಂಗೆ ಓಡ್ಸಕ್ಕೆ ಆಗಲ್ಲ.”

“ಬೇಡ ಬಿಡಿ. ಇನ್ಮೇಲೆ ನೀವೇ ಓಡಿಸ್ತೀರಲ್ಲ?”

“ಮತ್ತಿನ್ಯಾರು ಓಡಿಸ್ತಾರೆ!”

“ಸರಿ,” ಎಂದು ಸೊಣ್ಣಮ್ಮ ಅವರೆಕಾಯಿ ಬಿಡಿಸುವುದನ್ನು ಮುಂದುವರಿಸಿದರು. ಇಷ್ಟು ಸಲೀಸಾಗಿ ಗೆದ್ದ ಜಗಳ ಅವರ ದಾಂಪತ್ಯದಲ್ಲಿ ಇನ್ನೊಂದಿರಲಿಲ್ಲ. ಬುದ್ಧಿ ಇರುವವನಿಗೆ ಅಲ್ಲೇ ಅನುಮಾನ ಬರಬೇಕಿತ್ತು.

ಅನೇಕ ಸೋಮವಾರಗಳು ಕಳೆದ ಮೇಲೆ ಕಾರು ಮನೆಗೆ ಬಂತು. ಮುಂದಿನ ಸೀಟಿನ ಹತ್ತಿರ, ನೆಲದಿಂದ ಒಂದು ಕಬ್ಬಿಣದ ಕೋಲು ಎದ್ದು ನಿಂತಿತ್ತು. ಕೆಳಗೆ ಮೂರನೆಯ ಪೆಡಲು. ಚಿಕ್ಕಬೈರಪ್ಪನವರು ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಬೀದಿಯವರೆಲ್ಲ ನೋಡುತ್ತಿರುವಾಗ ಎಡಗಾಲಿಗೆ ಮೊದಲ ಬಾರಿಗೆ ಅಧಿಕಾರ ವಹಿಸಿಕೊಟ್ಟರು. ಕಾರು ಕಪ್ಪೆಯ ಹಾಗೆ ಮೂರು ಸಲ ಕುಪ್ಪಳಿಸಿ ಎದುರುಮನೆ ಮೀನಾಕ್ಷಮ್ಮನವರ ತುಳಸಿಕಟ್ಟೆಯ ಹತ್ತಿರ ಪ್ರಾಣ ಬಿಟ್ಟಿತು. ಮೀನಾಕ್ಷಮ್ಮ ಒಳಗಿಂದ ಓಡಿಬಂದು, ಗುಂಡಿ ತೋಡಲು ಕಾರ್ಪೊರೇಷನ್ನಿನವರು ಬಂದರೇ ಎಂದು ಕೇಳಿದರು. ಗೇರು ಹಾಕಿದಾಗ ಆದ ಸದ್ದು ಹಾಗಿತ್ತು.

ಆದರೆ ಮನುಷ್ಯ ಹಟವಾದಿ. ಬನಶಂಕರಿ ಕಡೆಯ ಖಾಲಿ ಬಯಲಿಗೆ ಹೋಗಿ ಗೇರಿನ ಜೊತೆ ದಿನಾ ಹೋರಾಡಿದರು. ಎತ್ತಿಗೆ ಬೈಯುತ್ತಿದ್ದ ಬೈಗುಳಗಳನ್ನೆಲ್ಲ ನೆನಪಿಸಿಕೊಂಡು ಬೈದರು. ಕೊನೆಗೆ ಕಾರು ಮೆತ್ತಗಾಯಿತು. ನಡುವೆ ಒಂದು ಅಪಶಕುನ ಮಾತ್ರ ಆಯಿತು. ಲಾಲ್‌ಬಾಗಿನ ಏರಿನಲ್ಲಿ ಕಾರು ನಿಂತು ಹಿಂದಕ್ಕೆ ಜಾರತೊಡಗಿದಾಗ ಹಿಂದಿನ ಸೀಟಿನಿಂದ ಸೊಣ್ಣಮ್ಮನ ದನಿ ಬಂತು.

“ಬ್ರೇಕ್ ಒತ್ರೀ. ಕ್ಲಚ್ ಪೂರ್ತಿ ಒತ್ತಿ. ಮೊದಲ್ನೇದಕ್ಕೆ ಹಾಕಿ. ಈಗ ಕಾಲು ಮೆಲ್ಲಗೆ ಬಿಡಿ, ಮೆಲ್ಲಗೆ!”

ಕಾರು ಬೆಣ್ಣೆಯಂತೆ ಮೇಲೇರಿತು.

“ನಿಂಗೆ ಹೆಂಗ್ ಗೊತ್ತು?”

“ದಿನಾ ಮುದ್ದೆಗೆ ಹಿಟ್ಟು ತೊಳಸ್ತೀನಲ್ಲ. ಕಾಲಲ್ಲಿ ಕವೆಗೋಲು ಒತ್ತಿ ಮಡಿಕೆ ಹಿಡೀಬೇಕು, ಕೈಲಿ ಕೋಲು ತಿರುಗಿಸ್ಬೇಕು. ಕಾಲು ದಡಕ್ಕಂತ ಬಿಟ್ರೆ ಮುದ್ದೆ ನೆಲಕ್ಕೆ. ಇದೂ ಅಂಗೇ ಅಲ್ವಾ?”

“ಅಂಗಾದ್ರೆ ನೀನೂ ಓಡಿಸ್ಬೋದು,” ಎಂದರು ಚಿಕ್ಕಬೈರಪ್ಪನವರು.

“ಅಯ್ಯೋ, ನಂಗ್ಯಾಕಪ್ಪ! ಅದು ಗಂಡಸ್ರ ಕೆಲ್ಸ,” ಎಂದ ಸೊಣ್ಣಮ್ಮ ಸೀಟಿಗೆ ಇನ್ನಷ್ಟು ಒರಗಿ ಕೂತರು.

ಅಲ್ಲಿಂದ ಚಿಕ್ಕಬೈರಪ್ಪನವರ ಬೆತ್ತದ ಕುರ್ಚಿ ಖಾಲಿಯಾಯಿತು. ರಾಗಿ ಬೀಸಿಸಲು ಅವರು, ಹೂವಿಗೆ ಅವರು, ಗುಡಿಗೆ ಅವರು. ಸೊಣ್ಣಮ್ಮ ತಾವೇ ಓಡಿಸುತ್ತಿದ್ದಾಗ ಬೇಗ ಹೋಗಿ ಬೇಗ ಬರುತ್ತಿದ್ದರು. ಈಗ ಓಡಿಸಲು ಒಬ್ಬರು ಸಿಕ್ಕಿದ ಮೇಲೆ ಆತುರವೇಕೆ? ಮೀನಾಕ್ಷಮ್ಮನವರೂ ಜೊತೆಗೆ, ಅವರ ಓರಗಿತ್ತಿಯೂ ಜೊತೆಗೆ. ಹಿಂದಿನ ಸೀಟಿನಲ್ಲಿ ಕಡಲೆಪುರಿ, ಊರ ಸುದ್ದಿ. ಮುಂದಿನ ಸೀಟಿನಲ್ಲಿ ಎಡಗಾಲಿಗೆ ಮೈಮುರಿಯುವ ಕೆಲಸ. ಸಂಜೆ ಅದಕ್ಕೆ ಎಳ್ಳೆಣ್ಣೆ ತಿಕ್ಕಿಕೊಳ್ಳುವ ಹೊಸ ಪದ್ಧತಿಯೂ ಶುರುವಾಯಿತು.

ಆದರೂ ನಿಜ ಹೇಳಬೇಕೆಂದರೆ ಅವರಿಗೆ ಖುಷಿಯೇ ಆಗಿತ್ತು. ಬೀದಿಯಲ್ಲಿ ಈಗ ಯಾರೂ ‘ಸೊಣ್ಣಮ್ಮನ ಕಾರು’ ಅನ್ನುತ್ತಿರಲಿಲ್ಲ. ಬೋರಣ್ಣನೇ ಒಮ್ಮೆ ಗೇರಿನ ಕೋಲು ಅಲ್ಲಾಡಿಸಿ ನೋಡಿ, “ಈಗ್ ಸರಿ ಹೋಯ್ತು ಭಾವ,” ಎಂದಿದ್ದ. ಅಷ್ಟು ಸಾಕಾಗಿತ್ತು.

ಮೀನಾಕ್ಷಮ್ಮನವರ ಮಗಳ ಮದುವೆ ಬಸವನಗುಡಿಯ ಛತ್ರದಲ್ಲಿ. ಹೆಂಗಸರನ್ನೆಲ್ಲ ತುಂಬಿಕೊಂಡು ಚಿಕ್ಕಬೈರಪ್ಪನವರು ಬೆಳಗಿನಿಂದ ಅಡ್ಡಾಡುತ್ತಿದ್ದರು. ಒಳಗೆ ಹೋಗಿ ಕೂರೋಣವೆಂದರೆ ಬಾಗಿಲಲ್ಲಿದ್ದ ಯಾರೋ, “ಡ್ರೈವರ್, ಗಾಡಿ ಹಿಂದಕ್ಕೆ ಹಾಕಿ. ಡ್ರೈವರ್‌ಗಳಿಗೆಲ್ಲ ಎಲೆ ಅಲ್ಲೇ,” ಎಂದರು. ಹಿಂದೆ ಬೇವಿನ ಮರದ ನೆರಳಲ್ಲಿ ಬೇರೆ ಡ್ರೈವರ್‌ಗಳ ಸಾಲು. ತಕರಾರು ಮಾಡೋಣವೆಂದುಕೊಂಡರು. ಅಷ್ಟರಲ್ಲಿ ಹೋಳಿಗೆ ಬಂತು, ಪಕ್ಕದವನು ಕ್ಲಚ್ ಪ್ಲೇಟಿನ ವಿಚಾರ ಎತ್ತಿದ. ಸ್ಟೇರಿಂಗು ಹಿಡಿದು ಎಷ್ಟು ವರ್ಷವಾಯಿತು ಎಂದು ಅವನು ಕೇಳಿದ್ದಕ್ಕೆ ಚಿಕ್ಕಬೈರಪ್ಪನವರು ಗಂಭೀರವಾಗಿ ಮೀಸೆ ತೀಡಿಕೊಂಡರು. ಅಷ್ಟು ಸವಿಯಾದ ಊಟ ಒಳಗಿನ ಪಂಕ್ತಿಯಲ್ಲೂ ಸಿಕ್ಕಿರಲಿಕ್ಕಿಲ್ಲ.

ಹೊರಡುವ ಹೊತ್ತಿಗೆ ಸೊಣ್ಣಮ್ಮನವರನ್ನು ಕಾರಿನವರೆಗೆ ಬಿಡಲು ಮೀನಾಕ್ಷಮ್ಮನವರ ತಂಗಿ ಗಿರಿಜಾದೇವಿ ಬಂದರು. ತುಮಕೂರಿನಿಂದ ಹೊಸದಾಗಿ ಜಯನಗರಕ್ಕೆ ಬಂದಿದ್ದವರು. ಚಿಕ್ಕಬೈರಪ್ಪನವರು ಸ್ಟೇರಿಂಗಿನ ಮುಂದೆ ನೆಟ್ಟಗೆ ಕೂತರು.

“ನಿಮ್ ಡ್ರೈವರು ತುಂಬಾ ಒಳ್ಳೇವ್ರು ಕಣ್ರೀ. ಬೆಳಗಿಂದ ಎಷ್ಟು ಸಲ ಓಡಾಡಿದ್ರೂ ತುಟಿ ಪಿಟಕ್ ಅನ್ಲಿಲ್ಲ. ಎಲ್ ಸಿಕ್ಕಿದ್ರು?”

ಚಿಕ್ಕಬೈರಪ್ಪನವರು ಕಿವಿ ನಿಮಿರಿಸಿದರು. ತಮ್ಮ ಮಾನ ಈಗ ಹೆಂಡತಿಯ ನಾಲಗೆಯ ತುದಿಯಲ್ಲಿತ್ತು. ಸೊಣ್ಣಮ್ಮ ಕೈ ಬಿಡಲಿಲ್ಲ.

“ಡ್ರೈವರಲ್ಲಮ್ಮ, ನಮ್ ಯಜಮಾನ್ರು!”

ಗಿರಿಜಾದೇವಿ ನಾಲಗೆ ಕಚ್ಚಿಕೊಂಡರು. “ಅಯ್ಯಯ್ಯೋ, ತಪ್ಪು ತಿಳ್ಕೋಬೇಡಿ! ಶನಿವಾರ ನಮ್ ಬೀಗರನ್ನ ಸ್ಟೇಷನ್ನಿಂದ ಕರ್ಕೊಂಡ್ ಬರ್ಬೇಕಿತ್ತು. ಡ್ರೈವರಾಗಿದ್ರೆ ಒಂದ್ಸಲ ಕಳ್ಸಿ ಅಂತ ಕೇಳೋಣ ಅಂತಿದ್ದೆ. ಈಗ ಹೆಂಗ್ ಕೇಳೋದು?”

“ಡ್ರೈವರಾಗಿದ್ರೆ ಶನಿವಾರ ರಜಾ ಕೇಳ್ತಿದ್ದ ಕಣಮ್ಮ,” ಎಂದರು ಸೊಣ್ಣಮ್ಮ, ಹಿಂದಿನ ಸೀಟಿನಲ್ಲಿ ಸೆರಗು ಸರಿಮಾಡಿಕೊಳ್ಳುತ್ತ. “ಇವ್ರಿಗೆ ಆ ಪಂಚಾಯ್ತಿ ಇಲ್ಲ. ಕಳಿಸ್ತೀನಿ.”

ಚಿಕ್ಕಬೈರಪ್ಪನವರು ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಹೇಳಬೇಕಾದ ಮಾತು ಬಹಳ ಇತ್ತು. ಬಾಯಿಂದ ಬಂದದ್ದು ಮಾತ್ರ ಇಷ್ಟೇ:

“ಎಷ್ಟ್ ಗಂಟೆ ಟ್ರೈನಮ್ಮಾ?”