ಕಂಬಳಿ ಕೋಟಿನ ಪ್ರಕರಣ

ನಲವತ್ತು ವರ್ಷ ಮಗ್ಗದ ಮುಂದೆ ನಿಂತವನಿಗೆ ಒಂದು ಕೋಟು ಆರಿಸುವುದು ಎಷ್ಟರ ಕೆಲಸ? ಕಣ್ಣು ಮುಚ್ಚಿ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದರೆ ಸಾಕು, ನೂಲು ಯಾವುದು, ಎಷ್ಟು ಗಂಜಿ ಕುಡಿದಿದೆ, ಎರಡು ಸಲ ಒಗೆದ ಮೇಲೆ ಇದರ ಗತಿ ಏನು ಎಂದು ಹೇಳಬಲ್ಲೆ. ಬನಹಟ್ಟಿಯಲ್ಲಿ ಯಾರನ್ನು ಬೇಕಾದರೂ ಕೇಳಿ.

ಆದರೆ ನನ್ನ ಮೈಮೇಲಿನ ಅಂಗಿಗಳಲ್ಲಿ ಒಂದನ್ನೂ ನಾನು ಅಂಗಡಿಗೆ ಹೋಗಿ ತಂದವನಲ್ಲ. ಆ ಖಾತೆ ನನ್ನ ಹೆಂಡತಿ ಕಸ್ತೂರಿಯದು. ಅವಳು ತರುತ್ತಿದ್ದಳು, ನಾನು ಬಣ್ಣ ಸರಿಯಿಲ್ಲ ಎಂದು ಗೊಣಗಿ ತೊಡುತ್ತಿದ್ದೆ. ಹೋದ ವರ್ಷ ಕಾರ್ತಿಕದಲ್ಲಿ ಅವಳು ತೀರಿಕೊಂಡಳು. ಅಂದಿನಿಂದ ಹದಿಮೂರು ತಿಂಗಳು, ಇದ್ದ ಅಂಗಿಗಳನ್ನೇ ಸರದಿಯಂತೆ ತೊಡುತ್ತ ಬಂದಿದ್ದೆ. ಬಣ್ಣದ ಬಗ್ಗೆ ಈಗ ನನ್ನ ತಕರಾರಿಲ್ಲ.

ಹೀಗಿರುವಾಗ ಕೋಟಿನ ಪ್ರಶ್ನೆ ಎದ್ದಿತು.

ಮಗಳು ವಿದ್ಯಾ ಇರುವುದು ಹಿಮಾಚಲದ ಒಂದು ಗುಡ್ಡದ ಊರಿನಲ್ಲಿ. ಅಳಿಯನಿಗೆ ಸುರಂಗ ಕೊರೆಯುವ ಕಂಪನಿಯಲ್ಲಿ ನೌಕರಿ. ಮೊದಲ ಹೆರಿಗೆ ತವರಿನಲ್ಲಿ ಆಗಬೇಕು, ಆದರೆ ಡಾಕ್ಟರು ಅಷ್ಟು ದೂರದ ಪ್ರಯಾಣ ಬೇಡವೆಂದರು. ಮಗಳು ತವರಿಗೆ ಬರಲಾಗದಿದ್ದರೆ ತವರೇ ಮಗಳ ಕಡೆಗೆ ಹೋಗಬೇಕು. ತವರು ಎಂದರೆ ಈಗ ನಾನೊಬ್ಬನೇ. ಬಾಣಂತನ ಮಾಡಲು ನನ್ನ ಅಕ್ಕ ಶಾಂತಕ್ಕ ಬರುತ್ತೇನೆಂದಳು. ರೈಲಿನ ಟಿಕೀಟು ತೆಗೆಸಿದೆವು. ಆಗ ಮಗಳ ಫೋನು ಬಂತು.

“ಅಪ್ಪಾ, ಇಲ್ಲಿ ನಳದಾಗಿನ ನೀರು ಕಲ್ಲಾಗತೈತಿ. ಹೋದ ವರ್ಷ ನಮ್ಮೂರ ಥಂಡಿಗೇ ಎದಿ ಕಟ್ಟಿ ಹತ್ತ ದಿನ ದವಾಖಾನ್ಯಾಗ ಮಲಗಿದ್ದಿ. ಛಲೋ ಬೆಚ್ಚನ ಕೋಟು ತಗೊಂಡು, ಹಾಕ್ಕೊಂಡು, ಫೋಟೋ ಕಳಸು. ನಾ ಹೂಂ ಅಂದ್ರಷ್ಟ ಬಾ. ಇಲ್ಲಾಂದ್ರ ಅತ್ತಿ ಒಬ್ಬಾಕೀನ ಬರ್ಲಿ.”

“ನನ್ನ ಬರಬ್ಯಾಡಂತೀಯೇನು?”

“ಅವ್ವ ಹೋದ್ಳು. ಇನ್ನ ನಿನ್ನ ಸಲುವಾಗಿ ಅಂಜಕೋತ ಕೂಡಾಕ ನನ್ನ ಕಡಿಂದ ಆಗೂದಿಲ್ಲಪಾ,” ಎಂದು ಫೋನು ಇಟ್ಟಳು.

ನನಗೆ ವಿಪರೀತ ಸಿಟ್ಟು ಬಂತು. ನೇಕಾರನಿಗೆ ಬಟ್ಟೆಯ ಪರೀಕ್ಷೆಯೇ! ಅದೂ ನಾನೇ ನೇಯ್ದ ಬಟ್ಟೆಯ ತೊಟ್ಟಿಲಲ್ಲಿ ಮಲಗಿ ಬೆಳೆದ ಮಗಳಿಂದ!

ಶಾಂತಕ್ಕ ಜಮಖಂಡಿಗೆ ಹೋಗಿ, ಅಂಗಡಿಯಲ್ಲಿ ಹತ್ತು ನಿಮಿಷದಲ್ಲಿ ಆರಿಸಿ, ನೇರಳೆ ಬಣ್ಣದ ಜಾಕೀಟು ತಂದಳು. ಹತ್ತೇ ನಿಮಿಷ! ಬದನೆಕಾಯಿ ಕೊಳ್ಳಲು ಇದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುವ ಹೆಂಗಸು ಅವಳು.

“ನಿನಗೂ ಒಂದು ತರ್ತಿದ್ನಲ್ಲೋ ತಮ್ಮಾ.”

“ಬ್ಯಾಡ. ನನ್ನ ಕೋಟು ನಾ ಆರಿಸ್ತೇನಿ.”

ಜಗತ್ತಿನ ದೊಡ್ಡ ಅನಾಹುತಗಳೆಲ್ಲ ಇಂಥ ಸಣ್ಣ ವಾಕ್ಯದಿಂದಲೇ ಶುರುವಾಗಿರಬೇಕು.

ಮುಧೋಳದ ಅಂಗಡಿಗೆ ಹೋದೆ. ಚಳಿಗಾಲದ ಮಧ್ಯಾಹ್ನ, ಆದರೂ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಅಂಗಡಿಯವನು ಉಬ್ಬಿದ ಕರಿ ಕೋಟೊಂದನ್ನು ತೆಗೆದಿಟ್ಟ. “ಇದು ಹಿಮದಾಗ ಹಾಕ್ಕೊಳ್ಳೂದ್ರಿ ಕಾಕಾರ.”

ಎತ್ತಿ ನೋಡಿದೆ. ತೂಕವೇ ಇಲ್ಲ! ವಾರಗಟ್ಟಲೆ ಉಪವಾಸ ಬಿದ್ದಂತಿತ್ತು.

“ಇದರಾಗ ಏನೂ ಇಲ್ಲಲ್ಲಪಾ.”

“ಹಗರ ಇದ್ದಷ್ಟೂ ಬೆಚ್ಚಗ ಇರತೈತ್ರಿ.”

“ಬಟ್ಟಿ ಬಗ್ಗೆ ನನಗ ಕಲಸಾಕ ಬರಬ್ಯಾಡ!”

ಬಟ್ಟೆಯ ಜಾತಿ ತಿಳಿಯಲು ನಮ್ಮ ನೇಕಾರರಲ್ಲಿ ಒಂದು ಪದ್ಧತಿಯಿದೆ. ಅಂಚಿನಿಂದ ಒಂದು ಎಳೆ ಕಿತ್ತು ಬೆಂಕಿಗೆ ಹಿಡಿಯಬೇಕು. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ. ಪ್ಲಾಸ್ಟಿಕ್ಕಿನ ನಾತ ಬಂದರೆ ಮೋಸ. ಆದರೆ ಈ ಕೋಟಿನಲ್ಲಿ ಎಳೆ ಕೀಳಲು ಬರಲಿಲ್ಲ. ಎಳೆ ಬೆಂಕಿಯ ಕಡೆಗೆ ಬರದಿದ್ದರೆ ಬೆಂಕಿಯೇ ಎಳೆಯ ಕಡೆಗೆ ಹೋಗಬೇಕಾಗುತ್ತದೆ. ಅಂಗಡಿಯವನು ಬೇರೆ ಗಿರಾಕಿಯ ಕಡೆ ತಿರುಗಿದ್ದ. ಕಡ್ಡಿ ಗೀರಿ ತೋಳಿನ ತುದಿಗೆ ಸುಮ್ಮನೆ ಹೀಗೆ ತೋರಿಸಿದೆ, ಅಷ್ಟೇ.

ತೋಳು ಕರಗಿ ಪೇಢೆಯಷ್ಟು ದೊಡ್ಡ ತೂತು ಬಿತ್ತು. ಗಾಬರಿಯಾಗಿ ಝಾಡಿಸಿದೆ. ಒಳಗಿಂದ ಬಿಳಿ ಪುಕ್ಕಗಳು ಹೊರಟವು! ಮುಂದಿನದನ್ನು ಫ್ಯಾನು ನೋಡಿಕೊಂಡಿತು. ಗಿರಾಕಿಯ ಮೀಸೆಯ ಮೇಲೆ ಪುಕ್ಕ, ಲೆಕ್ಕದ ಪುಸ್ತಕದ ಮೇಲೆ ಪುಕ್ಕ, ಅಂಗಡಿಯವನ ಚಹಾದಲ್ಲಿ ಪುಕ್ಕ.

“ಏನ್ ಮಾಡಾಕತ್ತೀರಿ ಕಾಕಾರ!”

“ನೀ ಏನ್ ಮಾರಾಕತ್ತಿ, ಅದನ್ನ ಮೊದಲ ಹೇಳು! ಕೋಟಿನಾಗ ಕೋಳಿ ತುಂಬೀಯಲ್ಲೋ! ನಮ್ಮ ಮನ್ಯಾಗ ತತ್ತಿ ಸೈತ ಒಳಗ ತರೂದಿಲ್ಲ!”

“ಕೋಳಿ ಅಲ್ರೀ, ಬಾತುಕೋಳಿ!”

ಇದರಿಂದ ನನಗೆ ಸಮಾಧಾನವಾಗುತ್ತದೆ ಎಂದು ಅವನು ಯಾಕೆ ತಿಳಿದನೋ! ಕೋಟಿನ ಪೂರ್ತಿ ಬೆಲೆ ಬಿಸಾಕಿ, ಕೋಟನ್ನು ಅಲ್ಲೇ ಬಿಟ್ಟು, ತಲೆಯೆತ್ತಿ ಹೊರಗೆ ಬಂದೆ. ಬಸ್ಸಿನಲ್ಲಿ ಪಕ್ಕದ ಹೆಣ್ಣುಮಗಳು ನನ್ನ ಕಿವಿಯ ಹಿಂದಿನಿಂದ ಒಂದು ಪುಕ್ಕ ತೆಗೆದುಕೊಟ್ಟಳು.

ಅಂಗಡಿಯ ಕೋಟುಗಳ ಮೇಲೆ ನನ್ನ ವಿಶ್ವಾಸ ಹೋಯಿತು. ಸಾವಿರ ವರ್ಷದಿಂದ ಕುರಿಗಳು ಚಳಿಯಲ್ಲಿ ನಿಂತಿವೆ, ಯಾವ ಕುರಿಯೂ ಬಾತುಕೋಳಿಯ ಸಹಾಯ ಕೇಳಿಲ್ಲ. ಕಂಬಳಿಯ ಕೋಟೇ ಹೊಲಿಸುತ್ತೇನೆಂದು ನಿಶ್ಚಯ ಮಾಡಿದೆ. ತುಬಚಿ ಕಡೆಯ ಕುರುಬರ ಬೀರಪ್ಪಜ್ಜ ವಾರದ ಸಂತೆಗೆ ಕಂಬಳಿ ತರುತ್ತಾನೆ. ಒಂದು ದಪ್ಪ ಕರಿ ಕಂಬಳಿ ಆರಿಸಿದೆ.

“ಕೋಟು ಹೊಲಸ್ಬೇಕಂತೇನಿ ಅಜ್ಜಾ.”

ಅಜ್ಜ ಕಂಬಳಿಯನ್ನು ನನ್ನ ಕೈಯಿಂದ ಕಸಿದುಕೊಂಡ. “ಕಂಬಳಿಗೆ ಕತ್ತರಿ ಹಚ್ಚತೀಯೇನೋ? ಇದರ ಮ್ಯಾಲ ದೇವರು ಕುಂಡ್ರತಾನ! ಹೊದ್ಕೋತೀನಿ ಅಂದ್ರ ಕೊಡ್ತೇನಿ. ಕತ್ತರಸ್ತೀನಿ ಅಂದ್ರ ನಡೀ.”

“ಹೊದ್ಕೋತೇನಿ,” ಎಂದೆ.

ದೇವರು ಕೂರುವ ಬಟ್ಟೆಯ ಮುಂದೆ ನಿಂತು ಸುಳ್ಳು ಹೇಳಿದ್ದೆ. ಅದರ ಫಲ ಸಿಗಲು ತಡವಾಗಲಿಲ್ಲ. ಟೇಲರ್ ರಫೀಕ್‌ನ ಮಷೀನಿನಲ್ಲಿ ಮೂರು ಸೂಜಿ ಮುರಿದವು.

“ಕಾಕಾ, ಇದು ಕೋಟಲ್ಲ, ಗ್ವಾಡಿ. ಇದನ್ನ ಹೊಲಿಯಾಕ ಮನಿ ಕಟ್ಟೂ ಗೌಂಡಿ ಬೇಕು.”

ಅಂತೂ ಹೊಲಿದ. ಕಂಬಳಿಗೆ ನೇಯುವಾಗಲೇ ಹುಣಸೆ ಬೀಜದ ಗಂಜಿ ಹಾಕಿರುತ್ತಾರೆ, ಹಾಗಾಗಿ ಕೋಟು ಸೆಟೆದು ನಿಂತಿತ್ತು. ಗೂಟಕ್ಕೆ ಹಾಕುವ ಅಗತ್ಯವೇ ಇರಲಿಲ್ಲ, ಪಡಸಾಲೆಯಲ್ಲಿ ತಾನೇ ನಿಂತುಕೊಂಡಿತು. ಸಂಜೆ ಕರೆಂಟು ಹೋದಾಗ ಶಾಂತಕ್ಕ ಅಡುಗೆಮನೆಯಿಂದ ಕೂಗಿದಳು.

“ತಮ್ಮಾ, ಯಾರೋ ಬಂದಾರ ನೋಡು. ಕುಂಡ್ರಿ ಅಂದ್ರ ಕುಂಡ್ರವಲ್ರು!”

ಮರುದಿನ ಕೋಟು ತೊಟ್ಟು ಫೋಟೋ ತೆಗೆಸಿ ಕಳಿಸಿದೆ. ಮಗಳ ಫೋನು ಬಂತು.

“ಕೈ ಯಾಕ ಹಂಗ ಆಕಡಿ ಈಕಡಿ ಚಾಚಿ ನಿಂತೀಯಪಾ?”

“ಈಗ ಹಂಗ ನಿಲ್ಲೂದ ಫ್ಯಾಷನ್.”

“ಬೆಚ್ಚಗ ಐತಿಲ್ಲ?”

“ಒಲಿ ಮುಂದ ಕುಂತಂಗ ಐತಿ.”

“ಹಂಗಾರ ಬಾ,” ಎಂದಳು.

ಇಲ್ಲಿಗೇ ನಿಲ್ಲಿಸಬೇಕಾಗಿತ್ತು. ಆದರೆ ಕೈ ಮಡಚಲು ಬರುತ್ತಿರಲಿಲ್ಲ. ಎರಡು ದಿನದ ರೈಲು, ಮೇಲೆ ಗುಡ್ಡದ ಬಸ್ಸು, ಬಾಯಿಗೆ ರೊಟ್ಟಿ ಮುಟ್ಟಿಸುವುದು ಹೇಗೆ? ತಡೆಯಾದದ್ದು ಗಂಜಿ. ಗಂಜಿಯ ವಿಷಯದಲ್ಲಿ ನನಗೆ ಹೇಳಿಕೊಡುವವರು ಈ ಸೀಮೆಯಲ್ಲಿ ಹುಟ್ಟಿಲ್ಲ. ಹತ್ತಿ ನೂಲಿನ ಗಂಜಿ ಬಿಡಿಸಲು ನಾವು ಏನು ಮಾಡುತ್ತೇವೆ? ಸೋಡಾ ಹಾಕಿ ಕುದಿಸುತ್ತೇವೆ.

ಕುದಿಸಿದೆ.

ಹೊರಡುವ ಹಿಂದಿನ ದಿನ ಶಾಂತಕ್ಕ ರಬಕವಿಯಲ್ಲಿ ಯಾರನ್ನೋ ಕಂಡು ಬರಲು ಹೋಗಿದ್ದಳು. ಹಿತ್ತಲಲ್ಲಿ ದೊಡ್ಡ ಹಂಡೆ ಹೂಡಿ, ಕೋಟು ಮುಳುಗಿಸಿ, ಬಡಿಗೆಯಿಂದ ಚೆನ್ನಾಗಿ ತಿರುವಿದೆ. ನನ್ನ ಕೆಲಸದಲ್ಲಿ ಅರ್ಧಮರ್ಧ ಎಂಬುದಿಲ್ಲ. ಒಂದು ತಾಸು ಕುದಿಯಿತು. ಓಣಿಯ ತುಂಬ ಕುರಿಯ ವಾಸನೆ ಹಬ್ಬಿತು. ಎರಡು ನಾಯಿಗಳು ಬಂದು ಗೌರವದಿಂದ ಕುಳಿತವು.

ಕೋಟನ್ನು ಮೇಲೆತ್ತಿದೆ. ಗಂಜಿ ಪೂರ್ತಿ ಬಿಟ್ಟಿತ್ತು. ಕೋಟೂ ಸುಮಾರು ಅರ್ಧ ಬಿಟ್ಟುಹೋಗಿತ್ತು! ತೋಳು ಮೊಣಕೈಗೆ ನಿಂತಿತು, ಕೆಳಗಿನ ಅಂಚು ಪಕ್ಕೆಲುಬಿಗೆ ನಿಂತಿತು. ದಪ್ಪ ಮಾತ್ರ ಎರಡರಷ್ಟಾಗಿತ್ತು. ಎಳೆದೆ. ಕಾಲಲ್ಲಿ ಮೆಟ್ಟಿ ಎಳೆದೆ. ಅದು ಜಗ್ಗಲಿಲ್ಲ. ಹತ್ತಿಯನ್ನು ಕುದಿಸಿದರೆ ಹತ್ತಿಯಾಗಿಯೇ ಉಳಿಯುತ್ತದೆ. ಉಣ್ಣೆಗೆ ಈ ಕೆಟ್ಟ ಗುಣವಿದೆ ಎಂದು ಕುರಿಯಾಗಲಿ ಕುರುಬನಾಗಲಿ ನನಗೆ ಒಂದು ಮಾತು ಹೇಳಿರಲಿಲ್ಲ!

ಹಂಡೆಯ ಪಕ್ಕ ಕುಳಿತು ಎಲ್ಲರ ಮೇಲೂ ಸಿಟ್ಟು ಮಾಡಿಕೊಂಡೆ. ಬೀರಪ್ಪಜ್ಜನ ಮೇಲೆ, ರಫೀಕ್‌ನ ಮೇಲೆ, ಬಾತುಕೋಳಿಯ ಮೇಲೆ. ಕೊನೆಗೆ ಕಸ್ತೂರಿಯ ಮೇಲೆ. ಅವಳಿದ್ದಿದ್ದರೆ ನೀರು ಬಿಸಿಯಾಗುವ ಮೊದಲೇ ಬೈದಿರುತ್ತಿದ್ದಳು. ಬೈಯುವವರಿಲ್ಲದ ಮನೆಯಲ್ಲಿ ಮನುಷ್ಯ ಏನನ್ನು ಬೇಕಾದರೂ ಕುದಿಸುತ್ತಾನೆ.

ಶಾಂತಕ್ಕ ಬಂದು ನೋಡಿದಳು.

“ಉಣ್ಣೀನ ಯಾರರ ಕುದಸ್ತಾರೇನೋ? ಸಣ್ಣ ಹುಡುಗೂರಿಗೂ ಗೊತ್ತೈತಿ!”

“ನನಗ ಗೊತ್ತಿರಲಿಲ್ಲ.”

“ತಡೀ, ವಿದ್ಯಾಗ ಹೇಳತೇನಿ.” ಫೋನು ತೆಗೆದಳು.

“ಬ್ಯಾಡಕ್ಕ. ಬರಬ್ಯಾಡಂತಾಳ.”

ಅಕ್ಕ ನನ್ನ ಮುಖ ನೋಡಿದಳು. ಫೋನನ್ನು ಚೀಲಕ್ಕೆ ಹಾಕಿದಳು. “ಮನ್ಯಾಗ ಇದ್ದ ಸ್ವೆಟರ್ ಎಲ್ಲಾ ತಗೀ,” ಎಂದಳು.

ಎರಡು ಸ್ವೆಟರು, ಅದರ ಮೇಲೆ ಅಕ್ಕನ ಶಾಲು, ತಲೆಗೆ ಮಫ್ಲರು, ಎಲ್ಲದರ ಮೇಲೆ ಕೋಟು. ಹೀಗೆ ನಾನು ಪ್ರಯಾಣ ಮಾಡಿದೆ. ರೈಲಿನಲ್ಲಿ ನಮ್ಮ ಎದುರಿನ ಆಸನ ಖಾಲಿಯಾದದ್ದು ಮತ್ತೆ ತುಂಬಲಿಲ್ಲ, ಕುರಿಯ ವಾಸನೆಗೆ ರಿಸರ್ವೇಶನ್ ಬೇಕಾಗುವುದಿಲ್ಲ. ಗುಡ್ಡದ ಬಸ್ಸಿನಿಂದ ಇಳಿದಾಗ ನೆಲ ಬೆಳ್ಳಗಿತ್ತು. ನನ್ನ ಹಲ್ಲುಗಳು ಕಟಕಟ ಎನ್ನುತ್ತಿದ್ದವು. ನಮ್ಮ ಮಗ್ಗವೂ ಅಷ್ಟು ವೇಗವಾಗಿ ಓಡಿದ್ದಿಲ್ಲ.

ವಿದ್ಯಾ ಬಾಗಿಲು ತೆಗೆದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನಾನು ವಿವರಣೆ ಸಿದ್ಧಮಾಡಿಕೊಂಡಿದ್ದೆ. “ಇದು ಏನಾತಂದ್ರ, ಹುಣಸಿ ಬೀಜದ ಗಂಜಿ...”

“ಕುದಸ್ಯಾನ,” ಎಂದಳು ಅಕ್ಕ.

ವಿದ್ಯಾ ನಕ್ಕಳು. ಬಾಗಿಲು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಹದಿಮೂರು ತಿಂಗಳಿಂದ ನಾನು ಆ ನಗು ಕೇಳಿರಲಿಲ್ಲ, ಫೋನಿನಲ್ಲಿಯೂ ಇಲ್ಲ. ಅದಕ್ಕೇ ಅಲ್ಲೇ ಹಿಮದಲ್ಲಿ ಒಂದು ಸುತ್ತು ತಿರುಗಿ ಕೋಟಿನ ಹಿಂಭಾಗವನ್ನೂ ತೋರಿಸಿದೆ. ಅವಳು ಹೊಟ್ಟೆ ಹಿಡಿದುಕೊಂಡಳು.

ಎರಡು ನಿಮಿಷದಲ್ಲಿ ನಗು ನಿಂತಿತು. ಹೊಟ್ಟೆ ಹಿಡಿದುಕೊಂಡದ್ದು ನಿಲ್ಲಲಿಲ್ಲ.

“ಅತ್ತೀ...” ಎಂದಳು.

ಡಾಕ್ಟರು ಕೊಟ್ಟ ದಿನಕ್ಕೆ ಇನ್ನೂ ಒಂದು ವಾರವಿತ್ತು! ಅಳಿಯ ಜೀಪು ತಂದ. ಚಹಾ ಕುಡಿಯದೆ, ಚೀಲ ಇಳಿಸದೆ ಎಲ್ಲರೂ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಅಕ್ಕ ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ಬರೆಯಲು ಸಾಧ್ಯವಿಲ್ಲ.

ಆಸ್ಪತ್ರೆಯೊಳಗೆ ಹೀಟರು ಹಾಕಿದ್ದರು. ಬನಹಟ್ಟಿಯ ಬೇಸಿಗೆಯಷ್ಟು ಸೆಕೆ! ಕೋಟು, ಶಾಲು, ಸ್ವೆಟರು ಒಂದೊಂದಾಗಿ ಕಳಚಿ ಬೆಂಚಿನ ಮೇಲೆ ಇಟ್ಟೆ. ಜನ ಹಿಮದಲ್ಲಿ ನಡುಗುವ ಊರಿಗೆ ಇಷ್ಟು ದೂರ ಬಂದು ಅಂಗಿ ಒದ್ದೆಯಾಗುವಂತೆ ಬೆವರಿದೆ. ಮೂರು ತಾಸಿನ ನಂತರ ನರ್ಸಮ್ಮ ಹೊರಗೆ ಬಂದು ಹೆಣ್ಣುಮಗು, ತಾಯಿ ಮಗು ಇಬ್ಬರೂ ಆರಾಮ ಎಂದಳು. ಅಳಿಯ ಒಳಗೆ ಓಡಿದ. ನಾನು ಎದ್ದೆ, ಮತ್ತೆ ಕುಳಿತೆ. ಪಕ್ಕಕ್ಕೆ ತಿರುಗಿ ಯಾರಿಗೋ ಹೇಳಲು ಬಾಯಿ ತೆರೆದೆ. ಪಕ್ಕದಲ್ಲಿ ಶಾಂತಕ್ಕ ಇದ್ದಳು.

ಅಷ್ಟರಲ್ಲಿ ನರ್ಸಮ್ಮ ಬೆಂಚಿನ ಮೇಲಿನ ಕೋಟನ್ನು ಎತ್ತಿ, ಕೈಯಲ್ಲಿ ಒತ್ತಿ ನೋಡಿ, ಎಷ್ಟು ಬೆಚ್ಚಗಿದೆ ಎಂದು ಹಿಂದಿಯಲ್ಲಿ ಮೆಚ್ಚಿಕೊಂಡಳು. ಮಗುವಿಗೆಂದು ತಂದದ್ದೇ, ಈಗಲೇ ದೊಡ್ಡದಾಗುವುದಿಲ್ಲವೇ ಎಂದು ಕೇಳಿದಳು.

ನಾನು ಅಂಗಿಯ ಕಾಲರು ಸರಿಮಾಡಿಕೊಂಡೆ. ನಲವತ್ತು ವರ್ಷದ ಅನುಭವಸ್ಥನಿಗೆ ತಕ್ಕ ಗಾಂಭೀರ್ಯದಿಂದ, ಬಂದ ಅಷ್ಟಿಷ್ಟು ಹಿಂದಿಯಲ್ಲಿ, ಹೌದು, ಮೊಮ್ಮಗಳಿಗೆಂದೇ ಊರಲ್ಲಿ ನಿಂತು ಹೊಲಿಸಿದ್ದು, ಬೆಳೆಯುವ ಮಗು ನೋಡಿ, ಬೇಕೆಂತಲೇ ಸ್ವಲ್ಪ ದೊಡ್ಡದು ಮಾಡಿಸಿದ್ದೇನೆ ಎಂದೆ.

ಶಾಂತಕ್ಕನಿಗೆ ಹಿಂದಿ ಪೂರ್ತಿ ತಿಳಿಯುತ್ತದೆ ಎಂಬುದು ನನಗೆ ಗೊತ್ತಾದದ್ದು ಆಗಲೇ!