ಯಾರಿಗೂ ಇಲ್ಲದ ಹೆಸರು

ಮಗುವಿಗೆ ಯಾರೂ ಇಡದ ಹೆಸರನ್ನೇ ಇಡಬೇಕೆಂದು ಹೊರಟವರ ಮನೆಯಲ್ಲಿ ತಮಾಷೆಗೆ ಬರವಿರುವುದಿಲ್ಲ. ನಮ್ಮ ವರ್ತೂರಿನ ಮನೆಯಲ್ಲಿ ಏಳು ವರ್ಷದಿಂದ ಅದು ನಡೆದೇ ಇದೆ. ನಗುತ್ತೇವೆ. ನಕ್ಕಾದ ಮೇಲೆ ನನಗೆ ಮಾತ್ರ ಒಳಗೊಳಗೇ ಕಸಿವಿಸಿ ಉಳಿಯುತ್ತದೆ.

ತೊಟ್ಟಿಲು

ಮಗಳು ಹುಟ್ಟಿದಾಗ ಅವ್ವ ಕೇಳಿದ್ದು ಒಂದೇ. "ನಮ್ಮತ್ತೆ ಎಸ್ರು ಇಡ್ರಪ್ಪ. ಅತ್ತೆ ಎಸ್ರ ನಾನಂತೂ ಬಾಯಿಗೆ ತರಂಗಿಲ್ಲ. ನೀವಾದ್ರೂ ಕೂಗಿದ್ರೆ ಕಿವೀಲಿ ಕೇಳ್ಕಂಡಿರ್ತೀನಿ."

ಅವ್ವನ ಅತ್ತೆ, ಅಂದರೆ ನಮ್ಮಜ್ಜಿ, ಪಿಳ್ಳಮ್ಮ. ತಾಯಿಯಿಲ್ಲದೆ ಬಂದ ಸೊಸೆಯನ್ನು ಮಗಳಂತೆ ನೋಡಿಕೊಂಡವಳು. ನಾನೂ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು. ಸುತ್ತ ಅಪಾರ್ಟ್‌ಮೆಂಟುಗಳು, ಇಂಗ್ಲಿಷ್ ಶಾಲೆಗಳು. ಅವುಗಳ ನಡುವೆ ಪಿಳ್ಳಮ್ಮನೇ? ಫೋನಿನಲ್ಲಿ ಹುಡುಕಿ ಹುಡುಕಿ 'ಹೃಷ್ವಿ' ಎಂದು ಆರಿಸಿದೆವು. ಅರ್ಥ ಕೇಳಿದವರಿಗೆಲ್ಲ "ಸಂತೋಷ" ಎಂದುಬಿಡುತ್ತಿದ್ದೆ.

ನಾಮಕರಣದಲ್ಲಿ ಸೋದರತ್ತೆ ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಬೇಕು. ನಮ್ಮಕ್ಕ ಬಗ್ಗಿ ಮೂರು ಸಲ ಹೇಳಿದಳು, ಮೂರೂ ಬೇರೆ ಬೇರೆ ಹೆಸರು. ಅವ್ವ ಪ್ರಯತ್ನವನ್ನೇ ಮಾಡಲಿಲ್ಲ. "ಅದ್ನ ಕರಿಯೋಕೆ ಬಾಯ್ತುಂಬ ಹಲ್ಲು ಬೇಕು, ನಂಗೆ ನಾಲ್ಕೇ ಇರಾದು" ಎಂದಳು.

ಆಸ್ಪತ್ರೆ

ಲಸಿಕೆ ಹಾಕಿಸಲು ಹೋದಾಗ ಹೆಸರು ಕೂಗುವ ಮೇಡಂ ಉಳಿದವರನ್ನೆಲ್ಲ ಸರಸರನೆ ಕರೆದರು. ನಮ್ಮ ಚೀಟಿ ಬಂತು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಕೊನೆಗೆ, "ಹಳದಿ ಸ್ವೆಟರ್ ಪಾಪು ಬನ್ನಿ" ಎಂದರು.

ಆಮೇಲೆ ನಮಗೂ ರೂಢಿಯಾಯಿತು. ಎಲ್ಲೇ ಕಾಯುತ್ತಿರಲಿ, ಹೆಸರು ಕೂಗುವವರು ದಿಢೀರನೆ ಸುಮ್ಮನಾದರೆ ಹೆಂಡತಿ ನನ್ನನ್ನು ತಿವಿಯುತ್ತಿದ್ದಳು. "ಏಳ್ರೀ, ನಮ್ದೇ."

ಮಹಡಿ ಮನೆ

ಹೇಳಲು ಬಾರದ ಹೆಸರನ್ನು ಯಾರೂ ಕದಿಯುವುದಿಲ್ಲ ಎಂಬ ಧೈರ್ಯ ನನಗಿತ್ತು. ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ದಂಪತಿಗೆ ಹೆಣ್ಣುಮಗುವಾಯಿತು. "ಅಂಕಲ್, ನಿಮ್ ಪಾಪು ಹೆಸ್ರು ಸಕ್ಕತ್ತಾಗಿದೆ, ನಾವೂ ಅದೇ ಇಟ್ವಿ!" ಎಂದು ಮೈಸೂರುಪಾಕು ತಂದುಕೊಟ್ಟರು. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಮರುವರ್ಷ ಎದುರು ಮನೆಯಲ್ಲೊಂದು ಹೃಷ್ವಿ ಹುಟ್ಟಿತು.

ಅವ್ವ ಮೊಮ್ಮಗಳನ್ನು "ಮಗಾ" ಎಂದಷ್ಟೇ ಕರೆಯುತ್ತಾಳೆ, ಅವಳು ಓಡಿ ಬರುತ್ತಾಳೆ. ಹೆಂಡತಿ ಬಾಗಿಲಲ್ಲಿ ನಿಂತು "ಹೃಷ್ವೀ" ಎಂದು ಕೂಗಿದರೆ ಎರಡು ಮಕ್ಕಳು ಓಡಿ ಬರುತ್ತವೆ, ನಮ್ಮದನ್ನು ಬಿಟ್ಟು.

ಶಾಲೆ

ಈ ವರ್ಷ ಅವಳ ತರಗತಿಯಲ್ಲೇ ಮೂವರು. ಟೀಚರ್ ಉದ್ದ ಹೃಷ್ವಿ, ಗಿಡ್ಡ ಹೃಷ್ವಿ ಎಂದು ಕರೆಯತೊಡಗಿದರು. ನಮ್ಮವಳು ಉದ್ದವೂ ಅಲ್ಲ, ಗಿಡ್ಡವೂ ಅಲ್ಲ. ಅಳುತ್ತಾ ಬಂದು, "ಯಾರಿಗೂ ಇಲ್ದಿರೋ ಹೆಸ್ರು ಬೇಕು" ಎಂದು ಹಟ ಹಿಡಿದಳು. ಗೋಡೆಯ ಮೇಲಿದ್ದ ನಮ್ಮಜ್ಜಿಯ ಫೋಟೋ ತೋರಿಸಿ, "ಅಪ್ಪಾ, ಇವ್ರ ಹೆಸ್ರೇನು?" ಎಂದಳು. ಹೇಳಿದೆ.

ಮಾರನೆಯ ದಿನವೇ ಟೀಚರ್ ಫೋನ್ ಮಾಡಿದರು. "ಸಾರ್, ಪಿಳ್ಳಮ್ಮ ಅಂದ್ರೆ ಮಾತ್ರ ಪ್ರೆಸೆಂಟ್ ಹೇಳ್ತಾಳೆ ನಿಮ್ ಮಗಳು. ಎಷ್ಟು ಯೂನಿಕ್ಕಾಗಿದೆ ಸಾರ್, ಎಲ್ಲಿ ಹುಡುಕಿದ್ರಿ?"

ಕಿವಿ

ಈಗ ಮನೆ ತುಂಬ ಅದೇ. ಪಿಳ್ಳಮ್ಮ ಹಾಲು ಕುಡಿ, ಪಿಳ್ಳಮ್ಮ ಶೂ ಹಾಕ್ಕೋ. ಆದರೆ ಅವ್ವನ ಕಿವಿ ಎರಡು ವರ್ಷದಿಂದ ಮಂದವಾಗಿದೆ, ಪಕ್ಕದಲ್ಲೇ ಕೂಗಿದರೂ ಅಷ್ಟಕ್ಕಷ್ಟೇ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ಅವಳಿಗೆ ಚೆನ್ನಾಗಿ ಕೇಳುತ್ತಿದ್ದಷ್ಟು ದಿನ ಒಂದು ಸಲವೂ ಆ ಹೆಸರು ಕೂಗಲಿಲ್ಲವಲ್ಲ ಎಂದು ಬಹಳ ಬೇಜಾರಾಗುತ್ತದೆ.

ಮೊನ್ನೆ ಭಾನುವಾರ ಅವ್ವ ಕುರ್ಚಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. "ಅಜ್ಜಿ ಕಿವೀಲಿ ನಿನ್ನ ಹೆಸ್ರು ಹೇಳು, ಮೂರು ಸಲ" ಎಂದು ಮಗಳಿಗೆ ಹೇಳಿದೆ. ಅವಳು ಕಿವಿಗೇ ಬಾಯಿಟ್ಟು ಕೂಗಿದಳು. ಮೊದಲ ಸಲಕ್ಕೆ ಅವ್ವ ಕಿವಿ ಉಜ್ಜಿಕೊಂಡಳು. ಎರಡನೆಯ ಸಲಕ್ಕೆ ಸುಲಿಯುವ ಕೈ ನಿಂತಿತು. ಮೂರನೆಯ ಸಲಕ್ಕೆ ಕಣ್ಣು ತುಂಬಿಕೊಂಡು, "ಯಾರ್ದೇ ಈ ಎಸ್ರು?" ಎಂದಳು.

"ನಂದೇ!" ಮಗಳು ಎದೆ ಮುಟ್ಟಿ ತೋರಿಸಿದಳು.

ಅವ್ವ ದಡಬಡನೆ ಸೆರಗನ್ನು ತಲೆ ಮೇಲೆ ಎಳೆದುಕೊಂಡು ಕುರ್ಚಿ ಬಿಟ್ಟು ಎದ್ದಳು. ಅತ್ತೆಯ ಎದುರಿಗೆ ಅವಳು ಯಾವತ್ತೂ ಕುರ್ಚಿ ಮೇಲೆ ಕೂತವಳಲ್ಲ. ಅಳುತ್ತಾ, ನಗುತ್ತಾ, ಏಳು ವರ್ಷದ ಮೊಮ್ಮಗಳಿಗೆ ಜಾಗ ತೋರಿಸಿದಳು.

"ಕೂತ್ಕಳಿ ಅತ್ತೆ. ಅಡಿಗೆ ಇನ್ನೂ ಆಗಿಲ್ಲ, ಬೈಬ್ಯಾಡಿ."